ಒಬ್ಬರೇ ಇಸ್ತಾಂಬುಲ್ ಸುತ್ತುವುದು ಹೇಗೆ: ಗುಡ್ಡದ ಮೇಲಿಂದ ನೀರಿನ ಕಡೆಗೆ

ಇಸ್ತಾಂಬುಲ್‌ಗೆ ಹೋಗುವ ಹೆಚ್ಚಿನವರ ಕೈಯಲ್ಲಿ ಒಂದೇ ಪಟ್ಟಿ ಇರುತ್ತದೆ. ಅಯಾ ಸೋಫಿಯಾ, ನೀಲಿ ಮಸೀದಿ, ತೋಪ್‌ಕಾಪಿ ಅರಮನೆ, ಗ್ರ್ಯಾಂಡ್ ಬಜಾರ್. ಇವಿಷ್ಟನ್ನೂ ಒಂದೇ ದಿನದಲ್ಲಿ ತೋರಿಸಿ ಮುಗಿಸುವ ಟೂರ್‌ಗಳೂ ಇವೆ. ಒಬ್ಬರೇ ಹೋದವರಿಗೆ ಆ ಅವಸರ ಯಾಕೆ? ಒಂದು ಕಂಬದ ಮುಂದೆ ಅರ್ಧ ಗಂಟೆ ನಿಂತರೂ "ಬೇಗ ಬಾ" ಎನ್ನುವವರು ಯಾರೂ ಇಲ್ಲ. ಹಳೇ ಊರನ್ನು ನೋಡಲು ಇದಕ್ಕಿಂತ ಒಳ್ಳೆಯ ಅನುಕೂಲ ಬೇರೆ ಇಲ್ಲ ಅಂತ ನನಗನಿಸುತ್ತದೆ.

ಮೊದಲು ಊರಿನ ಆಕಾರ ತಲೆಯಲ್ಲಿ ಕೂರಬೇಕು. ಹಳೇ ಇಸ್ತಾಂಬುಲ್ ಒಂದು ಪರ್ಯಾಯ ದ್ವೀಪ. ಉತ್ತರಕ್ಕೆ ಗೋಲ್ಡನ್ ಹಾರ್ನ್ ಎಂಬ ಕಡಲ ಕವಲು, ಪೂರ್ವಕ್ಕೆ ಬಾಸ್ಫರಸ್ ಜಲಸಂಧಿ (ಅದರಾಚೆ ಊರಿನ ಏಷ್ಯಾ ದಂಡೆ), ದಕ್ಷಿಣಕ್ಕೆ ಮರ್ಮರಾ ಸಮುದ್ರ. ಪಶ್ಚಿಮದಲ್ಲಿ ಮಾತ್ರ ನೆಲ, ಅಲ್ಲಿ ಕೋಟೆ ಗೋಡೆ. ನಡುವೆ ಏರು ದಿಣ್ಣೆ. ಬೈಜಾಂಟಿಯಂ (ಈ ಊರೇ ರಾಜಧಾನಿಯಾಗಿದ್ದ ಪೂರ್ವ ರೋಮನ್ ಸಾಮ್ರಾಜ್ಯ) ಕಾಲದ ಮುಖ್ಯ ಬೀದಿ ಆ ದಿಣ್ಣೆಯ ಮೇಲೇ ಹೋಗುತ್ತಿತ್ತು. ಇವತ್ತು ಟಿ1 ಟ್ರಾಮ್ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಓಡುತ್ತದೆ.

ಹಾಗಾಗಿ ಈ ಊರಿಗೆ ಒಂದೇ ಸೂತ್ರ ಸಾಕು. ಟ್ರಾಮ್‌ನಲ್ಲಿ ಮೇಲೆ ಹೋಗಿ, ನಡೆದುಕೊಂಡು ಕೆಳಗೆ ಇಳಿಯಿರಿ. ದಾರಿ ತಪ್ಪಿದರೆ ಇಳಿಜಾರು ಹಿಡಿಯಿರಿ. ಯಾವ ಕಡೆ ಇಳಿದರೂ ಕೊನೆಗೆ ನೀರು ಸಿಗುತ್ತದೆ, ನೀರಿನ ಪಕ್ಕ ದೊಡ್ಡ ರಸ್ತೆ ಸಿಗುತ್ತದೆ. ಫೋನ್ ಚಾರ್ಜ್ ಮುಗಿದರೂ ಈ ಸೂತ್ರ ಕೆಲಸ ಮಾಡುತ್ತದೆ.

ಹಂತ 1: ನೋಡುವ ಜಾಗಕ್ಕಿಂತ ಮೊದಲು ವಾರದ ಲೆಕ್ಕ

ಯಾವ ದಿನ ಯಾವುದು ಮುಚ್ಚಿರುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸೋಮವಾರ ದೋಲ್ಮಾಬಾಚೆ ಅರಮನೆಗೆ ರಜೆ. ಮಂಗಳವಾರ ತೋಪ್‌ಕಾಪಿಗೆ ರಜೆ. ಭಾನುವಾರ ಗ್ರ್ಯಾಂಡ್ ಬಜಾರ್ ಬಾಗಿಲು ಹಾಕಿರುತ್ತದೆ. ಶುಕ್ರವಾರ ಕಾರಿಯೆ ಮಸೀದಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಅವತ್ತು ಮಧ್ಯಾಹ್ನದ ನಮಾಜ್ ಹೊತ್ತಿನಲ್ಲಿ ಉಳಿದ ದೊಡ್ಡ ಮಸೀದಿಗಳಿಗೂ ಹೋಗಬೇಡಿ. ಶುಕ್ರವಾರವನ್ನು ದೋಣಿಗೆ, ಏಷ್ಯಾ ದಂಡೆಗೆ ಇಟ್ಟುಕೊಂಡರೆ ಜಗಳವೇ ಇಲ್ಲ.

ದಿನಕ್ಕೆ ಐದು ಸಲ ನಮಾಜ್ ಇದ್ದೇ ಇರುತ್ತದೆ. ಆ ಹೊತ್ತಿಗೆ ನೀಲಿ ಮಸೀದಿಯಂಥ ಕಡೆ ಪ್ರವಾಸಿಗರನ್ನು ಹೊರಗೆ ನಿಲ್ಲಿಸುತ್ತಾರೆ. ನಮಾಜ್ ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ.

ತಿಂಗಳು ಯಾವುದು ಅಂತ ಕೇಳಿದರೆ ಏಪ್ರಿಲ್, ಮೇ ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಜಾಸ್ತಿ, ಕ್ಯೂನೂ ಜಾಸ್ತಿ. ಚಳಿಗಾಲದಲ್ಲಿ ಮಳೆ, ಗಾಳಿ ಇರುತ್ತದೆ, ಆದರೆ ಮ್ಯೂಸಿಯಂಗಳು ಆರಾಮಾಗಿ ಸಿಗುತ್ತವೆ.

ಹಂತ 2: ವೀಸಾ, ರೂಮು, ಫೋನು

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಟರ್ಕಿಗೆ ವೀಸಾ ಬೇಕು. ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ದೇಶಗಳ ಚಾಲ್ತಿ ವೀಸಾ ಅಥವಾ ವಾಸದ ಪರವಾನಗಿ ಇದ್ದರೆ ಆನ್‌ಲೈನ್ ಇ-ವೀಸಾಗೆ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಪಾಸ್‌ಪೋರ್ಟ್‌ಗೆ ಅಂಟಿಸುವ ಸ್ಟಿಕರ್ ವೀಸಾನೇ ಗತಿ, ಅದಕ್ಕೆ ಸಮಯ ಹಿಡಿಯುತ್ತದೆ. ಇ-ವೀಸಾಗೆ ಟರ್ಕಿ ಸರ್ಕಾರದ ತಾಣವನ್ನೇ ಬಳಸಿ. ಅದರ ಹಾಗೇ ಕಾಣುವ ಖಾಸಗಿ ತಾಣಗಳು ಅದೇ ಕೆಲಸಕ್ಕೆ ದುಪ್ಪಟ್ಟು ದುಡ್ಡು ಕೇಳುತ್ತವೆ. ಸರ್ಚ್ ಮಾಡಿದಾಗ ಮೊದಲು ಕಾಣಿಸುವುದೂ ಎಷ್ಟೋ ಸಲ ಅವೇ.

ರೂಮು ಸುಲ್ತಾನ್‌ಅಹ್ಮೆತ್ ಅಥವಾ ಸಿರ್ಕೆಜಿ ಸುತ್ತ ಇರಲಿ. ರಾತ್ರಿ ಸುಲ್ತಾನ್‌ಅಹ್ಮೆತ್ ಸ್ವಲ್ಪ ಬೇಗ ಮಲಗುತ್ತದೆ, ನಿಜ. ಆದರೆ ಬೆಳಗ್ಗೆ ಎಲ್ಲರಿಗಿಂತ ಮೊದಲು ಅಯಾ ಸೋಫಿಯಾ ಮುಂದೆ ನಿಲ್ಲುವ ಅವಕಾಶ ಅಲ್ಲಿ ಉಳಿದವರಿಗೇ. ರಾತ್ರಿ ಜೀವನ ಬೇಕೆನ್ನುವವರು ಕರಾಕೋಯ್ ಅಥವಾ ಏಷ್ಯಾ ದಂಡೆಯ ಕಾದಿಕೋಯ್ ನೋಡಬಹುದು. ಟ್ರಾಮ್ ನಿಲ್ದಾಣದಿಂದ ಹೋಟೆಲ್‌ಗೆ ಏರು ಎಷ್ಟು ಅಂತ ವಿಮರ್ಶೆಗಳಲ್ಲಿ ಹುಡುಕಿ. ಒಬ್ಬರೇ ಸೂಟ್‌ಕೇಸ್ ಎಳೆದುಕೊಂಡು ಕಲ್ಲು ಹಾಸಿದ ಏರು ಹತ್ತುವುದು ತಮಾಷೆಯಲ್ಲ.

ಪ್ರಯಾಣದ ಎಲ್ಲಾ ರಾತ್ರಿಗಳ ಬುಕಿಂಗ್ ಹೊರಡುವ ಮೊದಲೇ ಮುಗಿಸಿ. 2017ರಿಂದ ಬುಕಿಂಗ್ ಡಾಟ್ ಕಾಮ್‌ನಲ್ಲಿ ಟರ್ಕಿಯ ಒಳಗೆ ಕೂತು ಟರ್ಕಿಯ ಹೋಟೆಲ್ ಬುಕ್ ಮಾಡಲು ಆಗುವುದಿಲ್ಲ, ಕೋರ್ಟ್ ಆದೇಶ ಇದೆ. ಅಲ್ಲಿ ಇಳಿದ ಮೇಲೆ ಇನ್ನೆರಡು ದಿನ ಇರೋಣ ಅಂದುಕೊಂಡವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಇ-ಸಿಮ್ ಬಳಸುವವರು ಅದನ್ನೂ ಮೊದಲೇ ಹಾಕಿಕೊಳ್ಳಿ.

ಪಾಸ್‌ಪೋರ್ಟ್, ವೀಸಾ, ಇನ್ಶೂರೆನ್ಸ್ ಮೂರರ ಫೋಟೋ ಮನೆಯವರೊಬ್ಬರಿಗೆ ಕಳಿಸಿಡಿ. ಎರಡು ಕಾರ್ಡ್ ಇದ್ದರೆ ಒಂದು ಜೇಬಲ್ಲಿ, ಇನ್ನೊಂದು ರೂಮಿನಲ್ಲಿ. ಜೊತೆಗೆ ಯಾರೂ ಇಲ್ಲದಿರುವಾಗ ಎರಡನೇ ಕಾರ್ಡೇ ನಿಮ್ಮ ಗೆಳೆಯ.

ಹಂತ 3: ಇಳಿದ ದಿನ

ಊರಿಗೆ ಎರಡು ವಿಮಾನ ನಿಲ್ದಾಣ. ಹೊಸದು ಯುರೋಪ್ ಕಡೆ, ಸಬೀಹಾ ಗೋಕ್ಚೆನ್ ಏಷ್ಯಾ ಕಡೆ. ಟಿಕೆಟ್ ಕೊಳ್ಳುವಾಗಲೇ ಯಾವುದು ಅಂತ ನೋಡಿ, ಎರಡೂ ಹಳೇ ಊರಿನಿಂದ ದೂರವೇ. ಎರಡಕ್ಕೂ ಮೆಟ್ರೋ ಇದೆ, ಬಸ್ಸೂ ಇದೆ. ರಾತ್ರಿ ಹೊತ್ತಾಗಿ ಇಳಿಯುವವರಿಗೆ ಬಸ್ಸು ವಾಸಿ.

ಮೊದಲ ಕೆಲಸ ಇಸ್ತಾಂಬುಲ್‌ಕಾರ್ಟ್. ಮೆಷಿನ್‌ನಲ್ಲಿ ಸಿಗುವ ಕಾರ್ಡ್ ಇದು. ಟ್ರಾಮ್, ಮೆಟ್ರೋ, ಬಸ್, ದೋಣಿ ಎಲ್ಲದಕ್ಕೂ ಇದೇ. ಸಮುದ್ರದಡಿ ಹಾದು ಎರಡು ದಂಡೆ ಸೇರಿಸುವ ಮರ್ಮರಾಯ್ ರೈಲಿನಲ್ಲಿ ಒಂದು ವಿಶೇಷ ಇದೆ. ಹತ್ತುವಾಗ ಪೂರ್ತಿ ದೂರದ ದುಡ್ಡು ಕಡಿತವಾಗುತ್ತದೆ. ಇಳಿದ ಮೇಲೆ ಗೇಟಿನ ಹತ್ತಿರದ ಮೆಷಿನ್‌ಗೆ ಕಾರ್ಡ್ ಹಿಡಿದರೆ ಪ್ರಯಾಣ ಮಾಡದ ದೂರದ ದುಡ್ಡು ವಾಪಸ್ ಬರುತ್ತದೆ. ಪ್ರವಾಸಿಗರಲ್ಲಿ ಎಷ್ಟೋ ಜನ ಅದನ್ನು ಗಮನಿಸದೇ ನಡೆದುಬಿಡುತ್ತಾರೆ.

ಟಿ1 ಸಾಲಿನಲ್ಲಿ "ತೋಪ್‌ಕಾಪಿ" ಅಂತ ಒಂದು ನಿಲ್ದಾಣ ಇದೆ. ಅರಮನೆ ಅಲ್ಲಿಲ್ಲ! ಅದು ಕೋಟೆ ಗೋಡೆಯ ಹತ್ತಿರ, ಊರಿನ ಇನ್ನೊಂದು ತುದಿ. ಅರಮನೆಗೆ ಗುಲ್‌ಹಾನೆ ಅಥವಾ ಸುಲ್ತಾನ್‌ಅಹ್ಮೆತ್‌ನಲ್ಲಿ ಇಳಿಯಬೇಕು.

ಹಂತ 4: ಮೊದಲ ಸಂಜೆ ಟಿಕೆಟ್ ಇಲ್ಲದ ಜಾಗಕ್ಕೆ

ಬಂದ ದಿನವೇ ದೊಡ್ಡ ಜಾಗಗಳಿಗೆ ನುಗ್ಗಬೇಡಿ. ಸುಲ್ತಾನ್‌ಅಹ್ಮೆತ್‌ನಲ್ಲಿ ಇಳಿದರೆ, ಬೆಸಿಲಿಕಾ ಸಿಸ್ಟರ್ನ್ ಹತ್ತಿರ ಟ್ರಾಮ್ ಹಳಿ ಪಕ್ಕದಲ್ಲೇ ಒಂದು ಮುರುಕು ಕಲ್ಲುಕಂಬ ನಿಂತಿದೆ. ಹೆಸರು ಮಿಲಿಯನ್. ಬೈಜಾಂಟಿಯಂ ಸಾಮ್ರಾಜ್ಯದ ದಾರಿಗಳ ದೂರವನ್ನೆಲ್ಲ ಅಳೆಯುತ್ತಿದ್ದುದು ಇಲ್ಲಿಂದ. ಜನ ಅದನ್ನು ದಾಟಿಕೊಂಡು ಐಸ್‌ಕ್ರೀಂ ಕಡೆ ಹೋಗುತ್ತಾರೆ. ನಿಮ್ಮ ಲೆಕ್ಕವೂ ಇಲ್ಲಿಂದಲೇ ಶುರುವಾಗಲಿ.

ಅಲ್ಲಿಂದ ಎರಡು ಹೆಜ್ಜೆಗೆ ಹಿಪ್ಪೊಡ್ರೋಮ್ ಮೈದಾನ. ರಥದ ಓಟ ನಡೆಯುತ್ತಿದ್ದ ಜಾಗ. ಈಗ ಉದ್ದನೆಯ ಚೌಕ, ನಡುವೆ ಮೂರು ಕಂಬಗಳು. ಮೊದಲನೆಯದು ಈಜಿಪ್ಟಿನದು. ಈಜಿಪ್ಟಿನ ರಾಜ ಮೂರನೇ ಥುಟ್ಮೋಸ್ ಕಾಲದ್ದು, ಮೊದಲು ಕಾರ್ನಾಕ್ ದೇವಾಲಯದಲ್ಲಿತ್ತು. ಅದನ್ನು ಚಕ್ರವರ್ತಿ ಥಿಯೋಡೋಸಿಯಸ್ 390ರಲ್ಲಿ ಇಲ್ಲಿ ನಿಲ್ಲಿಸಿದ. ಇಲ್ಲಿಗೆ ಬಂದಾಗಲೇ ಅದಕ್ಕೆ ಸುಮಾರು 1,800 ವರ್ಷ ವಯಸ್ಸು.

ಎಲ್ಲರೂ ತಲೆ ಎತ್ತಿ ಮೇಲಿನ ಚಿತ್ರಲಿಪಿ ನೋಡುತ್ತಾರೆ. ನೀವು ಬಗ್ಗಿ ಪೀಠ ನೋಡಿ. ಒಂದು ಕಡೆ ಚಕ್ರವರ್ತಿ ಗೆದ್ದವನಿಗೆ ಕೊಡಲು ಹಾರ ಹಿಡಿದು ನಿಂತಿದ್ದಾನೆ. ಅವನ ಕೆಳಗೆ ಪ್ರೇಕ್ಷಕರ ತಲೆಗಳ ಸಾಲು, ಅದರ ಕೆಳಗೆ ಕುಣಿಯುವವರು, ವಾದ್ಯದವರು. ಪೀಠದ ಬುಡದಲ್ಲಿ ಕಂಬ ನಿಲ್ಲಿಸಿದ ಬಗ್ಗೆ ಎರಡು ಶಾಸನಗಳಿವೆ. ಲ್ಯಾಟಿನ್ ಶಾಸನದ ಪ್ರಕಾರ ಕೆಲಸ 30 ದಿನಕ್ಕೆ ಮುಗಿಯಿತು. ಗ್ರೀಕ್ ಶಾಸನದ ಪ್ರಕಾರ 32 ದಿನ. ಒಂದೇ ಕಲ್ಲು, ಒಂದೇ ಸರ್ಕಾರ, ಎರಡು ಲೆಕ್ಕ. ಕಾಂಟ್ರ್ಯಾಕ್ಟರ್‌ಗಳ ಕಥೆ ಆಗಲೂ ಅಷ್ಟೇ ಇತ್ತೇನೋ.

ಪಕ್ಕದಲ್ಲಿ ಗುಂಡಿಯೊಳಗೆ ನಿಂತ ಹಸಿರು ಕಂಚಿನ ಕಂಬ ನೋಡಿ. ಮೂರು ಹಾವು ಹೆಣೆದುಕೊಂಡಂತಿದೆ. ಕ್ರಿ.ಪೂ. 479ರ ಪ್ಲಾಟಿಯಾ ಯುದ್ಧದಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಗ್ರೀಕರು ಡೆಲ್ಫಿಯ ದೇವಾಲಯಕ್ಕೆ ಕೊಟ್ಟ ಕಾಣಿಕೆ ಇದು. ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ಕಿತ್ತು ತಂದ. ಅದೇನು ಗುಂಡಿ ತೋಡಿ ಇಟ್ಟದ್ದಲ್ಲ. ಆಗಿನ ನೆಲ ಅಷ್ಟು ಕೆಳಗಿತ್ತು. ಈ ಊರು ಎಷ್ಟು ಪದರ ಮೇಲೆದ್ದಿದೆ ಅಂತ ಆ ಗುಂಡಿಯೇ ತೋರಿಸುತ್ತದೆ. ಹಾವುಗಳ ತಲೆ ಈಗಿಲ್ಲ. ಒಂದು ತಲೆಯ ಮೇಲ್ದವಡೆ ಮಾತ್ರ ಗುಲ್‌ಹಾನೆ ಪಕ್ಕದ ಪುರಾತತ್ವ ಮ್ಯೂಸಿಯಂನಲ್ಲಿದೆ. ಮುಂದೆ ಅಲ್ಲಿ ಹೋದಾಗ ಹುಡುಕಿ.

ಹಂತ 5: ಅಯಾ ಸೋಫಿಯಾಗೆ ಅರ್ಧ ದಿನ

532ರಲ್ಲಿ ಹಿಪ್ಪೊಡ್ರೋಮ್‌ನಲ್ಲಿ ಶುರುವಾದ ದಂಗೆಯಲ್ಲಿ ಊರಿನ ದೊಡ್ಡ ಚರ್ಚ್ ಸುಟ್ಟುಹೋಯಿತು. ಚಕ್ರವರ್ತಿ ಜಸ್ಟಿನಿಯನ್ ಅದೇ ಜಾಗದಲ್ಲಿ ಹೊಸದನ್ನು ಕಟ್ಟಿಸಿ 537ರಲ್ಲಿ ಮುಗಿಸಿದ. ಸುಮಾರು 31 ಮೀಟರ್ ಅಗಲದ ಗುಮ್ಮಟ 558ರಲ್ಲಿ ಕುಸಿಯಿತು. ಮತ್ತೆ ಕಟ್ಟಿದರು. 1453ರಲ್ಲಿ ಒಟ್ಟೋಮನ್ ಸುಲ್ತಾನ ಎರಡನೇ ಮೆಹ್ಮೆತ್ ಊರು ಗೆದ್ದ ಮೇಲೆ ಮಸೀದಿಯಾಯಿತು, 1935ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು, 2020ರಲ್ಲಿ ಮತ್ತೆ ಮಸೀದಿ.

2024ರ ಜನವರಿಯಿಂದ ವಿದೇಶಿ ಪ್ರವಾಸಿಗರಿಗೆ ಬೇರೆ ಬಾಗಿಲು, ಬೇರೆ ಟಿಕೆಟ್. ಆಗ ಇಟ್ಟ ದರ 25 ಯೂರೋ. ಕೆಳಗಿನ ಅಂಗಳ ನಮಾಜ್ ಮಾಡುವವರಿಗೆ, ಪ್ರವಾಸಿಗರಿಗೆ ಮೇಲಿನ ಗ್ಯಾಲರಿ ಮಾತ್ರ. ದುಬಾರಿ ಅಂತ ಬೈಯುವವರು ಬಹಳ. ಬೈಗುಳದಲ್ಲಿ ತಪ್ಪಿಲ್ಲ, ಆದರೆ ನೋಡಬೇಕಾದ ಮೊಸಾಯಿಕ್‌ಗಳಲ್ಲಿ (ಬಣ್ಣದ ಚೂರು ಜೋಡಿಸಿ ಮಾಡಿದ ಚಿತ್ರಗಳು) ಮುಖ್ಯವಾದವು ಇರುವುದೂ ಮೇಲೆಯೇ. ಹೆಣ್ಣುಮಕ್ಕಳು ತಲೆಗೆ ಬಟ್ಟೆ ಇಟ್ಟುಕೊಂಡೇ ಹೋಗಿ. ಗಂಡಸರಿಗೂ ಮೊಣಕಾಲು ಕಾಣುವ ಚಡ್ಡಿ ಬೇಡ.

ಗ್ಯಾಲರಿಯಲ್ಲಿ ಸುಮ್ನೆ ಒಂದು ಸುತ್ತು ಹೊಡೆದು ಬರಬೇಡಿ. ಮೂರು ಕಡೆ ನಿಲ್ಲಿ. ಒಂದು, ಡೀಸಿಸ್ ಮೊಸಾಯಿಕ್: ನಡುವೆ ಕ್ರಿಸ್ತ, ಎರಡು ಪಕ್ಕ ಮೇರಿ ಮತ್ತು ಸ್ನಾನಿಕ ಯೋಹಾನ. ಕೆಳಭಾಗ ಉದುರಿಹೋಗಿದೆ, ಮುಖಗಳು ಉಳಿದಿವೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಾಗ ಕೆನ್ನೆಯ ಬಣ್ಣ ಬದಲಾಗುವುದು ಕಾಣುತ್ತದೆ, ಅದಕ್ಕೆ ಸ್ವಲ್ಪ ಹೊತ್ತು ಬೇಕು. ಎರಡು, ಅದರ ಎದುರಿನ ನೆಲದಲ್ಲಿ ಎನ್ರಿಕೋ ದಾಂದೊಲೋ ಹೆಸರಿನ ಕಲ್ಲು. 1204ರಲ್ಲಿ ನಾಲ್ಕನೇ ಕ್ರುಸೇಡ್‌ನವರು ಈ ಊರನ್ನು ಲೂಟಿ ಮಾಡಿದಾಗ ಅವರ ಜೊತೆಗಿದ್ದ ವೆನಿಸ್‌ನ ಮುದುಕ ದೊರೆ ಇವನು. ಹಿಪ್ಪೊಡ್ರೋಮ್‌ನ ಕಂಚಿನ ಕುದುರೆಗಳು ವೆನಿಸ್‌ಗೆ ಹೋದದ್ದು ಆಗಲೇ. ಈಗಿನ ಹೆಸರಿನ ಕಲ್ಲು 19ನೇ ಶತಮಾನದ್ದು. ಮೂರು, ದಕ್ಷಿಣ ಗ್ಯಾಲರಿಯ ಅಮೃತಶಿಲೆ ಕಟಕಟೆ ಮೇಲೆ ಉತ್ತರ ದೇಶದ ರೂನ್ ಲಿಪಿಯಲ್ಲಿ ಗೀಚಿದ ಅಕ್ಷರ. ಹಾಲ್ಫ್‌ದಾನ್ ಎಂಬ ಹೆಸರಷ್ಟೇ ಓದಲು ಸಿಗುತ್ತದೆ. ಚಕ್ರವರ್ತಿಯ ಕಾವಲಿಗೆ ಬಂದ ವೈಕಿಂಗ್ ಯಾರೋ ಕೆತ್ತಿರಬೇಕು. ಪೂಜೆ ಉದ್ದವಾಗಿ ಬೇಜಾರಾಗಿತ್ತೋ ಏನೋ.

ಮಧ್ಯಾಹ್ನ ಎದುರಿನ ಬೆಸಿಲಿಕಾ ಸಿಸ್ಟರ್ನ್‌ಗೆ ಇಳಿಯಿರಿ. ಜಸ್ಟಿನಿಯನ್ ಕಾಲದ ನೆಲದಡಿಯ ನೀರಿನ ತೊಟ್ಟಿ, 336 ಕಂಬ. ಕೊನೆಯಲ್ಲಿ ಎರಡು ಮೆಡುಸಾ (ಗ್ರೀಕ್ ಪುರಾಣದ ಹಾವುಗೂದಲಿನ ರಾಕ್ಷಸಿ) ತಲೆ, ಒಂದು ಅಡ್ಡ, ಒಂದು ತಲೆಕೆಳಗು. ಮ್ಯೂಸಿಯಂ ಪಾಸ್ ಕೊಳ್ಳುವ ಯೋಚನೆ ಇದ್ದರೆ ಗಮನಿಸಿ: ಇದೂ ಅಯಾ ಸೋಫಿಯಾವೂ ಆ ಪಾಸ್‌ನಲ್ಲಿ ಸೇರಿಲ್ಲ.

ಹಂತ 6: ಅರಮನೆ, ಮ್ಯೂಸಿಯಂ

ತೋಪ್‌ಕಾಪಿಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ, ನೇರವಾಗಿ ಹರೆಮ್‌ಗೆ ನಡೆಯಿರಿ. ಹನ್ನೊಂದು ಗಂಟೆ ಮೇಲೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಖಜಾನೆಯ ವಜ್ರದ ಮುಂದಿನ ಕ್ಯೂ ಉದ್ದ ಇದ್ದರೆ ಬಿಟ್ಟರೂ ನಷ್ಟವಿಲ್ಲ ಅಂತ ನನ್ನ ಅಭಿಪ್ರಾಯ. ಆ ಸಮಯವನ್ನು ಕೆಳಗಿನ ಪುರಾತತ್ವ ಮ್ಯೂಸಿಯಂಗೆ ಕೊಡಿ. ಅಲೆಕ್ಸಾಂಡರ್ ಶವಪೆಟ್ಟಿಗೆ ಅಂತ ಹೆಸರಾದದ್ದು ಅಲ್ಲಿದೆ. ಅಲೆಕ್ಸಾಂಡರನದ್ದಲ್ಲ, 1887ರಲ್ಲಿ ಸಿದೋನ್‌ನಲ್ಲಿ ಸಿಕ್ಕಿದ್ದು. ಅದರ ಮೇಲಿನ ಯುದ್ಧದ ಕೆತ್ತನೆಯಲ್ಲಿ ಅವನಿದ್ದಾನೆ, ಹಳೇ ಬಣ್ಣದ ಗುರುತು ಇನ್ನೂ ಅಲ್ಲಲ್ಲಿ ಉಳಿದಿದೆ.

ಹಂತ 7: ಇಳಿಜಾರಿನ ಒಂದು ದಿನ

ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಬಿಡಬಾರದ ದಿನ ಇದು. ಬೆಳಗ್ಗೆ ಟ್ರಾಮ್‌ನಲ್ಲಿ ಬೆಯಾಝಿತ್ ನಿಲ್ದಾಣ. ಗ್ರ್ಯಾಂಡ್ ಬಜಾರ್‌ನಲ್ಲಿ ಸುಮಾರು 4,000 ಅಂಗಡಿ. ಒಬ್ಬರೇ ಇರುವಾಗ ಅಂಗಡಿಯವರು ಮಾತಿಗೆಳೆಯುವುದು ಜಾಸ್ತಿ. ಚಹಾ ಕುಡಿದರೆ ಕೊಳ್ಳಲೇಬೇಕು ಅಂತೇನಿಲ್ಲ, ಆದರೆ ಕಾರ್ಪೆಟ್ ಬಿಡಿಸಲು ಶುರು ಮಾಡಿದ ಮೇಲೆ ಎದ್ದು ಬರುವುದು ಕಷ್ಟ. ಕೊಳ್ಳುವ ಮನಸ್ಸಿಲ್ಲದಿದ್ದರೆ ಬಾಗಿಲಲ್ಲೇ ನಗುತ್ತಾ ಮುಂದೆ ಹೋಗಿ.

ಅಲ್ಲಿಂದ ಸುಲೇಮಾನಿಯೆ ಮಸೀದಿಗೆ ನಡೆಯಿರಿ. ಒಟ್ಟೋಮನ್ ವಾಸ್ತುಶಿಲ್ಪಿ ಮಿಮಾರ್ ಸಿನಾನ್ 1557ರಲ್ಲಿ ಕಟ್ಟಿ ಮುಗಿಸಿದ್ದು. ಒಳಗೆ ಪ್ರವೇಶ ಉಚಿತ, ಜನ ಕಡಿಮೆ. ನೀಲಿ ಮಸೀದಿಗಿಂತ ಇದು ನನಗೆ ಇಷ್ಟ. ಹಿಂದಿನ ಅಂಗಳದಿಂದ ಗೋಲ್ಡನ್ ಹಾರ್ನ್ ಪೂರ್ತಿ ಕಾಣುತ್ತದೆ. ಸುಲ್ತಾನ್ ಸುಲೇಮಾನನ ದೊಡ್ಡ ಗೋರಿ ಆವರಣದೊಳಗಿದೆ. ಸಿನಾನ್‌ನದು ಹೊರಗೆ, ರಸ್ತೆ ಮೂಲೆಯಲ್ಲಿ, ಹುಡುಕಿದರೆ ಮಾತ್ರ ಸಿಗುವಷ್ಟು ಚಿಕ್ಕದು.

ಇಲ್ಲಿಂದ ಮ್ಯಾಪ್ ಮುಚ್ಚಿ. ಇಳಿಜಾರಿನ ಗಲ್ಲಿಗಳಲ್ಲಿ ಪಾತ್ರೆ, ಹಗ್ಗ, ತಕ್ಕಡಿ, ಗುಂಡಿ ಮಾರುವ ಅಂಗಡಿಗಳು. ಇವು ಪ್ರವಾಸಿಗರಿಗಾಗಿ ಇರುವವಲ್ಲ, ಊರಿನವರಿಗೆ. ಕೆಳಗೆ ಬಂದಾಗ ರುಸ್ತೆಂ ಪಾಶಾ ಮಸೀದಿ ಕೇಳಿ. ಅದರ ಬಾಗಿಲು ರಸ್ತೆಯಲ್ಲಿ ಕಾಣುವುದಿಲ್ಲ. ಅಂಗಡಿಗಳ ಮಧ್ಯೆ ಕಿರಿದಾದ ಮೆಟ್ಟಿಲಿದೆ, ಹತ್ತಿದರೆ ಅಂಗಡಿ ಮಾಳಿಗೆಯ ಮೇಲೆ ಮಸೀದಿ. ಇದೂ ಸಿನಾನ್ ಕೆಲಸ. ಗೋಡೆ ತುಂಬಾ ಇಜ್ನಿಕ್ ಊರಿನ ಚಿತ್ತಾರದ ಹೆಂಚು. ನೀಲಿ ಮಸೀದಿಯಲ್ಲಿ ಎತ್ತರದಲ್ಲಿರುವ ಹೆಂಚು ಇಲ್ಲಿ ಕಣ್ಣಿನ ಮಟ್ಟದಲ್ಲೇ ಇದೆ. ಕೆಂಪು ಬಣ್ಣದ ಮೇಲೆ ಬೆಳಕು ಓರೆಯಾಗಿ ಬಿದ್ದರೆ ಆ ಬಣ್ಣ ಸ್ವಲ್ಪ ಉಬ್ಬಿರುವುದು ಕಾಣುತ್ತದೆ. ಮುಟ್ಟಬೇಡಿ, ನೋಡಿ.

ಹೊರಗೆ ಬಂದರೆ ಮಸಾಲೆ ಬಜಾರ್, ಅದರಾಚೆ ಎಮಿನೋನು ದಂಡೆ.

ಹಂತ 8: ಕೋಟೆ ಗೋಡೆಯ ಕಡೆ

ಟಿ1 ಹಿಡಿದು ಆ ತೋಪ್‌ಕಾಪಿ ನಿಲ್ದಾಣಕ್ಕೇ ಈಗ ಹೋಗಿ. ಅಲ್ಲಿಂದ ಟಿ4 ಟ್ರಾಮ್‌ನಲ್ಲಿ ಎದಿರ್ನೆಕಾಪಿ. 5ನೇ ಶತಮಾನದ ಥಿಯೋಡೋಸಿಯಸ್ ಗೋಡೆ ಇಲ್ಲಿ ಹಾದುಹೋಗುತ್ತದೆ. ಸಾವಿರ ವರ್ಷ ಊರು ಕಾದ ಗೋಡೆ. 1453ರಲ್ಲಿ ಫಿರಂಗಿಗಳ ಮುಂದೆ ಬಿದ್ದದ್ದೂ ಈ ಪಟ್ಟಿಯಲ್ಲೇ. ಒಬ್ಬರೇ ಇದ್ದರೆ ಗೋಡೆ ಹತ್ತಬೇಡಿ. ಕಲ್ಲು ಸಡಿಲ ಇರುತ್ತದೆ, ಕೆಲವು ಕಡೆ ಜನಸಂಚಾರವೂ ಇಲ್ಲ.

ಹತ್ತಿರದಲ್ಲೇ ಕಾರಿಯೆ. 14ನೇ ಶತಮಾನದ ಮೊಸಾಯಿಕ್, ಭಿತ್ತಿಚಿತ್ರಗಳ ಪುಟ್ಟ ಕಟ್ಟಡ, ಮೂಲದಲ್ಲಿ ಚರ್ಚ್. 2024ರಲ್ಲಿ ಮಸೀದಿಯಾಗಿ ಮತ್ತೆ ತೆರೆಯಿತು, ವಿದೇಶಿಯರಿಗೆ ಟಿಕೆಟ್ ಇದೆ. ಪಕ್ಕದ ಕೋಣೆಯ ಚಾವಣಿಯಲ್ಲಿ ಕ್ರಿಸ್ತ ಆದಾಮ, ಈವಳನ್ನು ಗೋರಿಯಿಂದ ಕೈ ಹಿಡಿದು ಎಳೆಯುವ ಚಿತ್ರವಿದೆ. ಹಿಡಿದಿರುವುದು ಅಂಗೈಯನ್ನಲ್ಲ, ಮಣಿಕಟ್ಟನ್ನು. ಕತ್ತು ನೋಯುವವರೆಗೆ ನೋಡಬಹುದು.

ನಂತರ ಮತ್ತೆ ಅದೇ ಸೂತ್ರ, ಕೆಳಗೆ. ಬಾಲತ್, ಫೆನೆರ್ ಬೀದಿಗಳ ಬಣ್ಣದ ಮನೆಗಳ ಫೋಟೋ ಎಲ್ಲರೂ ತೆಗೆಯುತ್ತಾರೆ. ಅಲ್ಲಿ ಜನ ವಾಸ ಮಾಡುತ್ತಾರೆ, ಅವರ ಬಾಗಿಲ ಮೆಟ್ಟಿಲ ಮೇಲೆ ಕೂತು ಪೋಸ್ ಕೊಡುವುದು ಬೇಡ ಅಲ್ವಾ? ದಂಡೆಯಲ್ಲಿ ಬಲ್ಗೇರಿಯನ್ನರ ಸೇಂಟ್ ಸ್ಟೀಫನ್ ಚರ್ಚ್ ಇದೆ. ಕಲ್ಲಿನ ಹಾಗೆ ಕಾಣುತ್ತದೆ, ಪೂರ್ತಿ ಕಬ್ಬಿಣ. ವಿಯೆನ್ನಾದಲ್ಲಿ ಬಿಡಿಭಾಗ ಮಾಡಿ, ಡ್ಯಾನ್ಯೂಬ್ ನದಿ, ಕಪ್ಪು ಸಮುದ್ರದ ದಾರಿಯಲ್ಲಿ ತಂದು ಜೋಡಿಸಿದ್ದು, 1898ರಲ್ಲಿ ತೆರೆಯಿತು. ಗೋಡೆ ಬೆರಳಲ್ಲಿ ತಟ್ಟಿ ನೋಡಿ, ಟಣ್ ಅನ್ನುತ್ತದೆ. ವಾಪಸ್ ಹೋಗಲು ದಂಡೆಯಲ್ಲೇ ಟಿ5 ಟ್ರಾಮ್.

ಹಂತ 9: ಕಾಲಿಗೆ ರಜೆ, ದೋಣಿಗೆ ಕೆಲಸ

ಎಮಿನೋನುವಿನಲ್ಲಿ ಬಾಸ್ಫರಸ್ ಟೂರ್ ಅಂತ ಕೂಗಿ ಕರೆಯುವವರು ಸುತ್ತ ಇರುತ್ತಾರೆ. ಊರಿನವರು ದಿನಾ ಹತ್ತುವ ದೋಣಿಯಲ್ಲಿ ಕಾರ್ಡ್ ತಟ್ಟಿ ಕಾದಿಕೋಯ್‌ಗೆ ಹೋಗಿ. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಏಷ್ಯಾ. ಹೊರಗಿನ ಬೆಂಚಿನಲ್ಲಿ ಕೂತು ಚಹಾ ತೆಗೆದುಕೊಳ್ಳಿ. ಉದ್ದ ಪ್ರಯಾಣ ಬೇಕಿದ್ದರೆ ಶೆಹಿರ್ ಹತ್‌ಲರಿ ದೋಣಿಗಳು ಕಪ್ಪು ಸಮುದ್ರದ ಬಾಯಿಯ ಹತ್ತಿರದ ಅನಾದೋಲು ಕವಾಯಿ ತನಕ ಹೋಗುತ್ತವೆ, ಅದಕ್ಕೆ ಇಡೀ ದಿನ ಬೇಕು. ರಾತ್ರಿ ಕೊನೆಯ ದೋಣಿ ತಪ್ಪಿದರೆ ಸಮುದ್ರದಡಿಯ ಮರ್ಮರಾಯ್ ರೈಲು ಇದೆ.

ಊಟ: ಒಬ್ಬರಿಗೆ ಒಂದು ಟೇಬಲ್

"ಲೋಕಾಂತಾ" ಅಂತ ಬೋರ್ಡ್ ಇರುವ ಸಾದಾ ಹೋಟೆಲ್ ಒಂಟಿ ಪ್ರಯಾಣಿಕರಿಗೆ ಹೇಳಿ ಮಾಡಿಸಿದ್ದು. ಅಡುಗೆ ಎದುರಿಗೇ ಟ್ರೇಗಳಲ್ಲಿ ಇರುತ್ತದೆ, ಬೆರಳು ತೋರಿಸಿದರೆ ಸಾಕು. ಮಧ್ಯಾಹ್ನವೇ ಹೋಗಿ, ಸಂಜೆಗೆ ಟ್ರೇ ಖಾಲಿ. ಮಾಂಸ ತಿನ್ನದವರು "ಎತ್‌ಸಿಜ್" ಅನ್ನಬೇಕು. ಬೇಳೆಯ ಸೂಪ್ ಎಲ್ಲ ಕಡೆ ಸಿಗುತ್ತದೆ, ಆದರೆ ಕೆಲವರು ಮಾಂಸ ಬೇಯಿಸಿದ ನೀರು ಹಾಕುತ್ತಾರೆ, ಕೇಳಿಯೇ ತೆಗೆದುಕೊಳ್ಳಿ. ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಕೊಡುವ ಬದನೆ, ಬೀನ್ಸ್ ಪಲ್ಯಗಳು, ಚೀಸ್ ಅಥವಾ ಪಾಲಕ್ ತುಂಬಿದ ಗೋಜ್‌ಲೆಮೆ ರೊಟ್ಟಿ, ಎಳ್ಳು ಹಚ್ಚಿದ ಬಳೆಯಾಕಾರದ ಸಿಮಿತ್ ಬ್ರೆಡ್ ನಿಶ್ಚಿಂತೆಯಾಗಿ ತಿನ್ನಬಹುದು. ನೀರು ಬಾಟಲಿಯದ್ದೇ ಇರಲಿ.

ಜೋಪಾನ

ಊರು ಒಟ್ಟಾರೆ ಸಲೀಸು. ಮೋಸಗಳು ಹಳೆಯವು, ಗುರುತಿಸುವುದು ಸುಲಭ. ಬೂಟ್ ಪಾಲಿಶ್‌ನವನು ನಿಮ್ಮ ಮುಂದೆ ಬ್ರಷ್ ಬೀಳಿಸಿಕೊಂಡು ಹೋಗುತ್ತಾನೆ. ಎತ್ತಿಕೊಟ್ಟರೆ ಋಣ ತೀರಿಸಲು ಪಾಲಿಶ್ ಮಾಡಿ, ಆಮೇಲೆ ದುಡ್ಡು ಕೇಳುತ್ತಾನೆ. ತಕ್ಸಿಮ್ ಕಡೆ ಸಂಜೆ ಒಬ್ಬನೇ ಓಡಾಡುವ ಗಂಡಸನ್ನು ಯಾರೋ ಸ್ನೇಹದಿಂದ ಮಾತಾಡಿಸಿ ಬಾರ್‌ಗೆ ಕರೆದರೆ ಹೋಗಬೇಡಿ. ಒಳಗೆ ಬರುವ ಬಿಲ್ ನೋಡಿ ಪ್ರವಾಸವೇ ಮುಗಿಯುತ್ತದೆ. ತಕ್ಸಿಮ್ ಪಕ್ಕದ ತಾರ್ಲಾಬಾಶಿ ಗಲ್ಲಿಗಳಿಗೆ ಕತ್ತಲಾದ ಮೇಲೆ ಇಳಿಯಬೇಡಿ. ಟ್ಯಾಕ್ಸಿ ಆ್ಯಪ್‌ನಲ್ಲಿ ಕರೆಸಿ, ಮೀಟರ್ ನೋಡಿ. ತುಂಬಿದ ಟ್ರಾಮ್‌ನಲ್ಲಿ ಬ್ಯಾಗ್ ಮುಂದಕ್ಕೆ ಹಾಕಿಕೊಳ್ಳಿ. ತುರ್ತು ಸಹಾಯಕ್ಕೆಲ್ಲ ಒಂದೇ ನಂಬರ್, 112. ಸುಲ್ತಾನ್‌ಅಹ್ಮೆತ್‌ನಲ್ಲಿ ಪ್ರವಾಸಿಗರಿಗೇ ಪೊಲೀಸ್ ಠಾಣೆ ಇದೆ.

ಹೊರಡುವ ದಿನ

ಟರ್ಕಿಯ ಹಣ ಲೀರಾದ ಬೆಲೆ ಇಳಿಯುತ್ತಲೇ ಇರುತ್ತದೆ, ಉಳಿಸಿಕೊಂಡು ಬಂದರೆ ಪ್ರಯೋಜನವಿಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪವೇ ಬದಲಾಯಿಸಿ, ಏರ್‌ಪೋರ್ಟ್‌ನಲ್ಲಿ ಕನಿಷ್ಠ ಮಾತ್ರ. ಊರಿನ ಟ್ರಾಫಿಕ್ ನಂಬುವ ಹಾಗಿಲ್ಲ, ಅದರಲ್ಲೂ ಸೇತುವೆ ದಾಟಿ ಸಬೀಹಾ ಗೋಕ್ಚೆನ್‌ಗೆ ಹೋಗುವುದಾದರೆ ಮರ್ಮರಾಯ್ ಮತ್ತು ಮೆಟ್ರೋ ದಾರಿಯನ್ನೇ ಹಿಡಿಯಿರಿ. ಇಸ್ತಾಂಬುಲ್‌ಕಾರ್ಟ್‌ನಲ್ಲಿ ದುಡ್ಡು ಮಿಕ್ಕಿದ್ದರೆ ಕಾರ್ಡ್ ಅನ್ನು ಹಾಸ್ಟೆಲ್‌ನಲ್ಲಿ ಆಗತಾನೇ ಬಂದಿಳಿದ ಯಾರಿಗಾದರೂ ಕೊಟ್ಟುಬಿಡಿ, ಮರ್ಮರಾಯ್ ಮೆಷಿನ್ ವಿಷಯವನ್ನೂ ಹೇಳಿ.